ಕೊಟ್ರೇಶನ ಆನೆ ಕಾಸು

ನಮ್ಮ ಕೊಟ್ರೇಶನಿಗೆ ಸಿಟ್ಟು ಬರುವುದಿಲ್ಲ. ಇದನ್ನು ದೊಡ್ಡ ಗುಣ ಎಂದು ಹೊಗಳುವವರಿದ್ದಾರೆ. ಆರು ವರ್ಷದಿಂದ ಅವನೆದುರು ಕೂತು ಕೆಲಸ ಮಾಡುತ್ತಿರುವ ನನಗೆ ಮಾತ್ರ ಅದೊಂದು ಕಾಯಿಲೆಯ ಹಾಗೆ ಕಾಣುತ್ತದೆ. ಅವನ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಂಡು ಈಗ ಬಿಪಿ ಮಾತ್ರೆ ನುಂಗುತ್ತಿದ್ದೇನೆ.

ಅವನು ಜಗಳೂರು ಕಡೆಯವನು. ಲೈನ್‌ಮನ್ ಆಗಿ ನ್ಯಾಮತಿಗೆ ಬಂದು, ಬಾಡಿಗೆ ಮನೆ ಹಿಡಿದು, ಹೆಂಡತಿ ಸುಚಿತ್ರಾಳನ್ನೂ ತಾಯಿ ಮೂಕಮ್ಮನವರನ್ನೂ ಕರೆಸಿಕೊಂಡ. ಒಂದು ಮಳೆಗಾಲ ಕಂಬ ಹತ್ತಿದ್ದಾಗ, ಬಂದ್ ಮಾಡಿದ್ದ ಲೈನಿಗೆ ಯಾರದೋ ಮನೆಯ ಜನರೇಟರಿನಿಂದ ಕರೆಂಟು ಹರಿದು ಬಂತು. ಜೀವ ಉಳಿಯಿತು. ಬಲಗೈಯ ಮೂರು ಬೆರಳು ಜೋಮು ಹಿಡಿದವು, ಆ ಜೋಮು ಇವತ್ತಿಗೂ ಬಿಟ್ಟಿಲ್ಲ. ಆಮೇಲೆ ಅವನನ್ನು ಕಂಬದ ಕೆಲಸದಿಂದ ಬಿಡಿಸಿ, ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಫೋನಿನ ಮುಂದೆ ಕೂರಿಸಿದರು. ಜನ ಬಾಯಿಗೆ ಬಂದಂತೆ ಬೈಯುತ್ತಾರೆ. ಇವನು "ಆಯ್ತು ರೀ, ಕಳಿಸ್ತೀನಿ" ಎಂದು ಬರೆದುಕೊಳ್ಳುತ್ತಾನೆ.

ಆಸ್ಪತ್ರೆಯಲ್ಲಿ ಅವನಿಗೊಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಅವನು ಕಣ್ಣು ಮುಚ್ಚಿಕೊಳ್ಳಬೇಕು, ಯಾರಾದರೂ ಅಂಗೈಯಲ್ಲಿ ನಾಣ್ಯ ಇಡಬೇಕು, ಬೆರಳಿನಿಂದಲೇ ಸವರಿ ಅದು ಒಂದು ರೂಪಾಯಿಯೋ ಎರಡೋ ಐದೋ ಹೇಳಬೇಕು. ಇಡುತ್ತಿದ್ದವರು ಮೂಕಮ್ಮ. ದಿನಾ ಸಂಜೆ ಜಗಲಿಯ ಮೇಲೆ ಕೂತು, "ಈಗ ಹೇಳಪ್ಪ, ಯಾವ್ದಿದು?" ಎಂದು ಕೇಳುತ್ತಿದ್ದರು. ಅವನು ಹತ್ತರಲ್ಲಿ ಏಳು ತಪ್ಪು ಹೇಳುತ್ತಿದ್ದ. ಬೇರೆ ಬೇರೆ ನಾಣ್ಯ ಇದ್ದರೆ ಒಳ್ಳೆಯದೆಂದು ಮೂಕಮ್ಮ ತಮ್ಮ ಟ್ರಂಕಿನ ತಳದಿಂದ ಹಳೆಯ ಹತ್ತು ಪೈಸೆ, ತೂತಿನ ಕಾಸು ಎಲ್ಲ ತೆಗೆದು ಕೊಟ್ಟರು. ಬೆರಳಿಗೆ ಸ್ಪರ್ಶ ಬರಲಿಲ್ಲ, ಹಳೆಯ ನಾಣ್ಯದ ಹುಚ್ಚು ಮಾತ್ರ ಬಂತು.

ಆ ಹುಚ್ಚಿಗೆ ಸರಿಯಾಗಿ ಮೊಬೈಲಿನಲ್ಲಿ ಹರಾಜಿನ ಆಪ್ ಒಂದು ಸಿಕ್ಕಿತು. ಅವನಿಗೆ ಬೇಕಿದ್ದದ್ದು ಮೈಸೂರು ರಾಜರ ಕಾಲದ ತಾಮ್ರದ ಆನೆ ಕಾಸು. ಒಂದು ಬದಿಯಲ್ಲಿ ಆನೆ ಉಬ್ಬಿಕೊಂಡಿರುತ್ತದೆ, ಅದಾದರೂ ತನ್ನ ಬೆರಳಿಗೆ ಸಿಗಬಹುದು ಎಂದು ಅವನ ಆಸೆ.

ಮೊದಲ ಹರಾಜಿನಲ್ಲಿ ಅವನು ಚನ್ನಗಿರಿಯ ಅಡಿಕೆ ಟೆಂಡರಿನ ಹಾಗೆ, ತಾನು ಕೊಡಬಹುದಾದ ಪೂರ್ತಿ ಬೆಲೆಯನ್ನು ಒಂದೇ ಸಲಕ್ಕೆ ಬರೆದುಬಿಟ್ಟ. ಟೆಂಡರಿನಲ್ಲಿ ಚೀಟಿ ಬರೆದು ಹಾಕಿದರೆ ಮುಗಿಯಿತು, ಇನ್ನೊಬ್ಬರಿಗೆ ಕಾಣುವುದಿಲ್ಲ. ಇಲ್ಲಿ ಎದುರಿನವರು ಏರಿಸಿದಷ್ಟೂ ಆಪ್ ತಾನೇ ಇವನ ಬೆಲೆಯನ್ನು ಆ ಮಿತಿಯವರೆಗೆ ಏರಿಸುತ್ತ ಹೋಗುತ್ತದೆ. ಯಾವನೋ ಒಬ್ಬ ಹತ್ತು ಹತ್ತು ರೂಪಾಯಿ ಏರಿಸುತ್ತ ಬಂದು, ಇವನನ್ನು ಕೊನೆಯ ಮಿತಿಗೆ ತಂದು ನಿಲ್ಲಿಸಿ ಮಾಯವಾದ. ಮಾರುವವನ ಕಡೆಯವನೇ ಇರಬೇಕು ಎಂದೆ ನಾನು. "ಇರಬೌದು" ಎಂದ ಕೊಟ್ರೇಶ. ಅಷ್ಟು ಕೊಟ್ಟು ತರಿಸಿದ್ದು ಅಚ್ಚಿನಲ್ಲಿ ಎರಕ ಹೊಯ್ದ ನಕಲಿ ಕಾಸು. ಎರಡನೆಯ ಸಲ ಫೋಟೋದಲ್ಲಿ ಆನೆ ಇತ್ತು, ಪೊಟ್ಟಣದಲ್ಲಿ ಬೋಳು ಬಿಲ್ಲೆ ಇತ್ತು. ವಾಪಸ್ ತೆಗೆದುಕೊಳ್ಳಿ ಎಂದು ದೂರು ಬರೆದರೆ ಅವಧಿ ಮುಗಿದಿದೆ ಎಂದು ಉತ್ತರ. ದಿನವಿಡೀ ಊರವರ ದೂರು ಕೇಳುವವನ ದೂರನ್ನು ಕೇಳಲು ಒಂದು ನರಪಿಳ್ಳೆ ಇಲ್ಲ! ಮೂರನೆಯ ಸಲ ಇನ್ನೇನು ಗೆದ್ದ ಎನ್ನುವಾಗ, ಕೊನೆಯ ಎರಡು ಸೆಕೆಂಡಿನಲ್ಲಿ ಬೇರೊಬ್ಬ ಐದು ರೂಪಾಯಿ ಹೆಚ್ಚು ಹಾಕಿ ಹೊಡೆದುಕೊಂಡು ಹೋದ. ನಾನು ಮೇಜು ಗುದ್ದಿದೆ. ಕೊಟ್ರೇಶ ಮೊಬೈಲ್ ಬದಿಗಿಟ್ಟು, ರಿಂಗಾಗುತ್ತಿದ್ದ ಫೋನ್ ಎತ್ತಿ, "ಹೇಳ್ರಿ, ಯಾವ ಬೀದಿಗೆ ಕರೆಂಟಿಲ್ಲ?" ಎಂದ.

ಸುಚಿತ್ರಾ ಒಂದು ದಿನ ನನ್ನನ್ನೇ ತಡೆದು ನಿಲ್ಲಿಸಿದಳು. "ಅಣ್ಣ, ನೀವಾದ್ರೂ ಹೇಳ್ರಿ. ಓಣಿಯಾಗೆ ಎಲ್ರೂ ನಗ್ತಾರೆ. ಇನ್ನೊಂದು ಖೋಟಾ ಕಾಸು ಈ ಮನೆಗೆ ಬರಂಗಿಲ್ಲ." ಮೂಕಮ್ಮ ಒಳಗಿನಿಂದಲೇ, "ನನ್ನ ಮಗಂಗೂ ಒಂದು ಅಸಲಿ ಸಿಗ್ತೈತೆ ಬಿಡು" ಎಂದರು. ಅವನ ಕಡೆ ನಿಂತು ಮಾತಾಡಿದ್ದು ಅವರೊಬ್ಬರೇ.

ಕೊಟ್ರೇಶ ಮನಸ್ಸು ಬಿಚ್ಚಿದ್ದನ್ನು ನಾನು ಒಂದೇ ಸಲ ಕೇಳಿದ್ದೇನೆ. "ಮಾರುತೇಶಣ್ಣ, ನಂಗೆ ರೊಕ್ಕದ್ದಲ್ಲ ಚಿಂತೆ. ತಿಳಿದೋರ ಬಾಯಾಗೆ ಒಂದ್ಸಲ 'ಇದು ಅಸಲಿ' ಅನ್ನಿಸ್ಬೇಕು. ನಾನು ದಡ್ಡ ಅಲ್ಲ ಅಂತ ಮನೆಯಾಗೆ ಗೊತ್ತಾಗ್ಬೇಕು." ಹೇಳುವಾಗಲೂ ದನಿ ಏರಲಿಲ್ಲ, ಮೀಟರ್ ರೀಡಿಂಗ್ ಓದಿದ ಹಾಗೆ ಹೇಳಿದ.

ನಾಲ್ಕನೆಯ ಸಲ ಗೆದ್ದ ಕಾಸು ಆಯುಧಪೂಜೆಗೆ ಎರಡು ದಿನ ಇರುವಾಗ ಬಂತು. ಕಡುಗಂದು ಬಣ್ಣ, ಅಂಚಿನಲ್ಲಿ ಹಸಿರು ಛಾಯೆ, ಆನೆಯ ಸೊಂಡಿಲು ಬಾಲ ಎಲ್ಲ ಸ್ಪಷ್ಟ. ಚನ್ನಗಿರಿಯಲ್ಲಿ ತಿಪ್ಪೇರುದ್ರಸ್ವಾಮಿ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದಾರೆ. ನಲವತ್ತು ವರ್ಷದಿಂದ ನಾಣ್ಯ ಕೂಡಿಟ್ಟವರು, ನಮ್ಮ ಕಡೆ ನಾಣ್ಯದ ವಿಚಾರದಲ್ಲಿ ಅವರ ಮಾತೇ ಕೊನೆ. ಕೊಟ್ರೇಶ ಫೋನ್ ಮಾಡಿದಾಗ, ಹಬ್ಬ ಕಳೆದ ಮೇಲೆ ತನ್ನಿ ನೋಡೋಣ ಎಂದರು.

ಹಬ್ಬದ ದಿನ ಕಚೇರಿಯ ಪೂಜೆ ಮುಗಿಸಿ, ಮಂಡಕ್ಕಿ ಪೊಟ್ಟಣ ಹಿಡಿದು ನಾವಿಬ್ಬರೂ ಅವನ ಮನೆಗೆ ಹೋದೆವು. ಮೂಕಮ್ಮ ಮಗನ ಹಳೆಯ ಕಟಿಂಗ್ ಪ್ಲೇಯರನ್ನೂ ಕಂಬ ಹತ್ತುವ ಬೆಲ್ಟನ್ನೂ ಮಣೆಯ ಮೇಲೆ ಇಟ್ಟು ಪೂಜೆ ಮಾಡಿದ್ದರು. ನಡುವೆ ಒಂದು ತಟ್ಟೆ. ತಟ್ಟೆಯಲ್ಲಿ ಆನೆ ಕಾಸು ಹೊಸ ಚೊಂಬಿನ ಹಾಗೆ ಥಳಥಳ ಹೊಳೆಯುತ್ತಿತ್ತು.

"ಎಷ್ಟು ಕಿಲುಬು ಹಿಡಿದಿತ್ತಪ್ಪ! ಹುಣಸೆಹಣ್ಣು, ಉಪ್ಪು ಹಾಕಿದ್ರೂ ಹೋಗ್ಲಿಲ್ಲ. ಇಟ್ಟಿಗೆ ಪುಡೀಲಿ ತಿಕ್ಕಿದೆ. ಈಗ ನೋಡು, ಲಕ್ಷ್ಮಿ ಕಳೆ ಬಂತು."

ಹಳೆಯ ತಾಮ್ರದ ಮೇಲಿನ ಆ ಬಣ್ಣವೇ ಅದರ ವಯಸ್ಸು, ಅದನ್ನು ಯಾವತ್ತೂ ತೆಗೆಯಬಾರದು ಎಂದು ಕೊಟ್ರೇಶನೇ ನನಗೆ ನೂರು ಸಲ ಹೇಳಿದ್ದ. ತಾಯಿಗೆ ಹೇಳಿರಲಿಲ್ಲ. ಹಬ್ಬದ ದಿನ ತಾಮ್ರವನ್ನು ಕಪ್ಪಗೆ ಬಿಡುವ ಮನೆ ನಮ್ಮಲ್ಲಿ ಯಾವುದಿದೆ? ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನನ್ನ ತೋಳು ಒತ್ತಿದ.

"ಚಂದ ಆಗೈತವ್ವ" ಎಂದ.

ಮುಂದಿನ ಭಾನುವಾರ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಚನ್ನಗಿರಿಗೆ ಹೋದೆವು. ಮೇಷ್ಟ್ರು ಕಾಸನ್ನು ತೂಗಿದರು, ಅಂಚು ನೋಡಿದರು, ಭೂತಗನ್ನಡಿ ಹಿಡಿದು ಎರಡೂ ಬದಿ ನೋಡಿದರು.

"ಅಸಲಿ. ಅನುಮಾನವೇ ಇಲ್ಲ" ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. "ಯಾರ್ರೀ ಇದನ್ನ ತಿಕ್ಕಿದ್ದು?"

"ನಾನೇ ಸರ್."

"ಬುದ್ಧಿ ಐತೇನ್ರೀ ನಿಮಗೆ? ನೂರೈವತ್ತು ವರ್ಷಕ್ಕೂ ಮ್ಯಾಲೆ ಉಳಿದು ಬಂದಿದ್ದನ್ನ ಅರ್ಧ ಗಂಟೇಲಿ ಕೆಡಿಸಿ ಇಟ್ಟೀರಲ್ಲ. ಇದನ್ನ ಯಾರೂ ಕೈಯಾಗೆ ಹಿಡಿಯಾಕಿಲ್ಲ. ಇಂಥ ದಡ್ಡತನ ನಾನು ಕಂಡಿಲ್ಲ."

"ಹೌದು ಸರ್" ಎಂದ ಕೊಟ್ರೇಶ.

ನಾನು ಕುರ್ಚಿಯಿಂದ ಎದ್ದೆ. ನಿಜ ಹೇಳಿಬಿಡಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅವನು ನನ್ನ ಕಡೆ ನೋಡಿದ. ಕೂತುಕೊಂಡೆ.

ವಾಪಸ್ ಬರುವಾಗ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಅವನು ಮೊಬೈಲ್ ತೆಗೆದು, ಹರಾಜಿನ ಆಪನ್ನು ಅಳಿಸಿ ಹಾಕಿ, ಮತ್ತೆ ಜೇಬಿಗಿಟ್ಟ. ಬೇಜಾರಾಯಿತೇನೋ ಎಂದು ಕೇಳಿದೆ. "ಏನೂ ಅನ್ನಿಸವಲ್ದು ಅಣ್ಣ" ಎಂದು ನ್ಯಾಮತಿ ಬಸ್ಸಿನ ಬೋರ್ಡು ನೋಡತೊಡಗಿದ.

ಮೂಕಮ್ಮ ಜಗಲಿಯ ಮೇಲೆ ಕಾಯುತ್ತಿದ್ದರು. "ಏನಂದ್ರಪ್ಪ ಮೇಷ್ಟ್ರು?"

"ಅಸಲಿ ಅಂದ್ರು ಅವ್ವ."

"ಏ ಸುಚಿತ್ರಾ, ಕೇಳ್ದೇನವ್ವ? ಅಸಲಿ ಅಂತೆ! ನಾನು ತಿಕ್ಕಿ ಕಳಿಸಿದ್ದಕ್ಕೆ ಅವರಿಗೂ ಸರಿಯಾಗಿ ಕಂಡಿರ್ತೈತೆ." ಸುಚಿತ್ರಾ ಬಾಗಿಲಿಗೆ ಬಂದು ಗಂಡನನ್ನು ನೋಡಿ ನಕ್ಕಳು. ನಾಣ್ಯದ ವಿಷಯಕ್ಕೆ ಅವಳು ನಕ್ಕಿದ್ದನ್ನು ನಾನು ಅವತ್ತೇ ನೋಡಿದ್ದು.

ಮೂಕಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಕಣ್ಣು ಮುಚ್ಚು." ಹಳೆಯ ದಿನಗಳ ಹಾಗೆ ಅವನ ಬಲ ಅಂಗೈಯಲ್ಲಿ ಕಾಸು ಇಟ್ಟರು. ಅವನು ಆ ಮೂರು ಬೆರಳಿನಿಂದ ತುಂಬ ಹೊತ್ತು ಸವರಿದ.

"ಆನೆ ತಾಗ್ತೈತೇನಪ್ಪ?"

"ತಾಗ್ತೈತೆ ಅವ್ವ. ಸೊಂಡಿಲು ತಾಗ್ತೈತೆ."

ಮೂಕಮ್ಮನಿಗೆ ಸಂಜೆ ಬೆಳಕಿನಲ್ಲಿ ಅಷ್ಟಾಗಿ ಕಣ್ಣು ಕಾಣುವುದಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ನನಗೆ ಚಹಾ ತರಲು ಸುಚಿತ್ರಾಳಿಗೆ ಹೇಳಿದರು. ನಾನು ಅವನ ಎದುರಿಗೇ ಕೂತಿದ್ದೆ. ಕಾಸು ಮಗುಚಿ ಬಿದ್ದಿತ್ತು. ಅವನ ಬೆರಳು ಸವರುತ್ತಿದ್ದದ್ದು ಅಕ್ಷರಗಳಿದ್ದ ಬದಿಯನ್ನು, ಆನೆ ಕೆಳಗಿತ್ತು.