ಎಡಗಣ್ಣು ಹುಡುಕಿದ ಹಗಲು ಗೂಬೆ

ರಮಿತಾ ಸಾಲಿಯಾನ್ ಬಲಗಣ್ಣು ಕಳೆದುಕೊಂಡದ್ದು ಒಂದು ಮಂಗಳವಾರ ಬೆಳಿಗ್ಗೆ, ಹಲ್ಲುಜ್ಜುತ್ತಿದ್ದಾಗ. ನೋವೇನೂ ಆಗಲಿಲ್ಲ. ಕನ್ನಡಿಯ ಅರ್ಧಕ್ಕೆ ಯಾರೋ ಬೂದು ಬಟ್ಟೆ ಇಳಿಬಿಟ್ಟಂತೆ ಕಂಡಿತು, ಅಷ್ಟೆ. ಕಣ್ಣಿನ ಹಿಂಬದಿಯ ರಕ್ತನಾಳ ಕಟ್ಟಿಕೊಂಡಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿದಾಗ ಅವಳಿಗೆ ನಲವತ್ತೊಂಬತ್ತು ವರ್ಷ.

ಮುಂಬೈ ಪಕ್ಕದ ಠಾಣೆ ಊರಿನ ಒಂದು ಆಸ್ಪತ್ರೆಯಲ್ಲಿ ಅವಳು ಇಪ್ಪತ್ತೆರಡು ವರ್ಷಗಳಿಂದ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಳು. ಗಂಡ ಹರಿಶ್ಚಂದ್ರ ಕೋಪರಿಯ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದ. ಮಗಳು ನಿಶ್ಮಿತಾ ಖಾರಘರದಲ್ಲಿ ಓದುತ್ತಿದ್ದಳು. ಈ ಮೂವರ ಮನೆಯಲ್ಲಿ ರಮಿತಾಗೆಂದೇ ಇದ್ದ ಒಂದೇ ಒಂದು ವಸ್ತು ಅವಳ ಕ್ಯಾಮೆರಾ. ರಜೆಯ ದಿನ ಹಕ್ಕಿಗಳ ಫೋಟೋ ತೆಗೆಯುವುದು ಅವಳ ಹವ್ಯಾಸ.

ಮೊದಲ ತಿಂಗಳು ಚಹಾ ಕಪ್ಪಿನ ಹೊರಗೇ ಬೀಳುತ್ತಿತ್ತು. ಮೆಟ್ಟಿಲು ಎಲ್ಲಿ ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ. ಕ್ಯಾಮೆರಾವನ್ನು ಎಡಗಣ್ಣಿಗೆ ಹಿಡಿದರೆ ಮೂಗು ಅದರ ಬೆನ್ನಿಗೆ ಒತ್ತುತ್ತಿತ್ತು, ಹೆಬ್ಬೆರಳು ಕುರುಡುಗಣ್ಣಿಗೆ ತಾಗುತ್ತಿತ್ತು, ಸುತ್ತಲಿನ ಜಗತ್ತೆಲ್ಲ ಮುಚ್ಚಿಹೋಗುತ್ತಿತ್ತು. ಆದರೂ ಕೆಲಸಕ್ಕೆ ಹೋಗುವ ಮುನ್ನ ದಿನವೂ ಸಮುದ್ರದ ಹಿನ್ನೀರು ಚಾಚಿದ ಖಾಡಿಯ ದಂಡೆಗೆ ನಡೆದು, ಕೆಸರಲ್ಲಿ ನಿಂತ ಬೆಳ್ಳಕ್ಕಿಗಳ ಮೇಲೆ ಎಡಗಣ್ಣನ್ನು ಪಳಗಿಸಿದಳು. ಹಕ್ಕಿ ಎಲ್ಲಿದೆಯೆಂದು ಮೊದಲು ಕಿವಿಯಿಂದ ಗುರುತಿಸಿ, ಆಮೇಲೆ ಕ್ಯಾಮೆರಾ ಎತ್ತುವುದನ್ನು ಕಲಿತಳು. ಅದಕ್ಕೆ ಎಂಟು ತಿಂಗಳು ಹಿಡಿಯಿತು.

ಆ ಚಳಿಗಾಲದಲ್ಲಿ, ರಮಿತಾ ಕೂಡ ಇದ್ದ, ಹಕ್ಕಿ ಫೋಟೋ ತೆಗೆಯುವ ಪ್ರಭುದೇವನ ತಂಡ ಆಸನ್‌ಗಾಂವ್ ಆಚೆಯ ಅಭಯಾರಣ್ಯಕ್ಕೆ ಹೊರಟಿತು. ಪ್ರಭುದೇವ ಬಾಗಲಕೋಟೆ ಕಡೆಯವನು, ಡೋಂಬಿವ್ಲಿಯಲ್ಲಿ ಬ್ಯಾಂಕ್ ನೌಕರ. ಅವನಿಗೆ ಬೇಕಾಗಿದ್ದದ್ದು ಮರಾಠಿಯಲ್ಲಿ ರಾನ್‌ಪಿಂಗಳಾ ಎನ್ನುವ, ಹಗಲಲ್ಲೇ ಬೇಟೆಯಾಡುವ ಅಪರೂಪದ ಪುಟ್ಟ ಗೂಬೆ. ಕಲ್ಲುಮುಳ್ಳಿನ ದಾರಿ ಎಂದು ಅವನು ಅನುಮಾನಿಸಿದರೂ ರಮಿತಾ ಹೊರಟೇಬಿಟ್ಟಳು.

ಗೋಮಾ ಎಂಬ ಆದಿವಾಸಿ ಮುದುಕ ಅವರಿಗೆ ದಾರಿ ತೋರಿಸುತ್ತಿದ್ದ. ಎಲೆ ಉದುರಿಸಿ ನಿಂತ ತೇಗಗಳ ನಡುವೆ ಒಂದು ಮರದ ಪೊಟರೆಯನ್ನು ಅವನು ಬೆರಳಿಂದ ತೋರಿಸಿದ. ಪ್ರಭುದೇವ ಮೊಬೈಲಿಗೆ ಸಣ್ಣ ಸ್ಪೀಕರ್ ಜೋಡಿಸಿ ಗೂಬೆಯ ಕೂಗನ್ನು ಹಾಕಿದ. ಒಳಗಿದ್ದ ಹೆಣ್ಣು ಗೂಬೆ ಹಾರಿ ಹೊರಬಂದು, ಕಾಣದ ಎದುರಾಳಿಯನ್ನು ಹುಡುಕುತ್ತ ಕೊಂಬೆಯಿಂದ ಕೊಂಬೆಗೆ ಜಿಗಿಯತೊಡಗಿತು. ಆರು ಕ್ಯಾಮೆರಾಗಳು ಒಟ್ಟಿಗೆ ಸದ್ದು ಮಾಡಿದವು.

"ಪ್ರಭುದೇವ, ಅದನ್ನು ಬಂದ್ ಮಾಡಿ," ಎಂದಳು ರಮಿತಾ.

"ಇನ್ನೊಂದ ಸಲರೀ ಅಕ್ಕಾರ. ನಸುಕಿನ್ಯಾಗ ಎದ್ದ ಬಂದೇವಿ."

"ಪೊಟರೆಯಲ್ಲಿ ಮೊಟ್ಟೆಯೋ ಮರಿಯೋ ಉಂಟು. ಅದು ಗೂಡು ಬಿಟ್ಟು ನಿಮ್ಮ ಮೊಬೈಲಿನ ಹಿಂದೆ ತಿರುಗ್ತಾ ಉಂಟು. ನೀವು ಬಂದ್ ಮಾಡುವವರೆಗೆ ನಾನು ಇಲ್ಲಿಂದ ಹಂದುವುದಿಲ್ಲ." ಅವಳು ಹೋಗಿ ಸ್ಪೀಕರಿನ ಎದುರೇ ನಿಂತಳು.

ಅವನು ಬಂದ್ ಮಾಡಿದ. ಹಿಂತಿರುಗುವಾಗ ಲೋಕಲ್ ರೈಲಿನಲ್ಲಿ ಉಳಿದವರೆಲ್ಲ ಅವಳಿಂದ ದೂರದ ಸೀಟುಗಳಲ್ಲಿ ಕೂತರು. ಮುಂದಿನ ಪ್ರವಾಸದ ಸುದ್ದಿಯೂ ಅವಳಿಗೆ ಬರಲಿಲ್ಲ.

ಗೋಮಾನ ನಂಬರು ಅವಳಲ್ಲಿತ್ತು. ತಾನೊಬ್ಬಳೇ ಹೋಗುತ್ತೇನೆಂದು ಮನೆಯಲ್ಲಿ ಹೇಳಿದಳು.

"ಮಮ್ಮಿ, ಅಕೇಲೀ ಮತ್ ಜಾ," ಎಂದು ನಿಶ್ಮಿತಾ ಹಿಂದಿಯಲ್ಲಿ, ಒಬ್ಬಳೇ ಹೋಗಬೇಡವೆಂದು ತಡೆದಳು.

"ಒಂದು ಕಣ್ಣಲ್ಲಿ ಕಾಡಿಗೆ ಹೋಗಿ ಎಂತ ಮಾಡ್ತಿ ಮಾರಾಯ್ತಿ?" ಎಂದ ಹರಿಶ್ಚಂದ್ರ.

"ಎರಡು ಕಣ್ಣು ಇದ್ದವರು ಎಂತ ಮಾಡಿದ್ರೂಂತ ನೋಡಿ ಬಂದಿದ್ದೇನೆ."

ಹೊರಡುವ ದಿನ ಬೆಳಿಗ್ಗೆ ಹರಿಶ್ಚಂದ್ರ ಅವಳಿಗೆಂದು ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದ.

ಮೊದಲ ಭಾನುವಾರ ಹಳ್ಳ ದಾಟುವಾಗ ಕಲ್ಲಿನ ದೂರ ಅಂದಾಜಾಗದೆ ಬಿದ್ದಳು. ಮೊಣಕಾಲು ತರಚಿತು, ಗೂಬೆ ಕಾಣಲಿಲ್ಲ. ಎರಡನೆಯ ಭಾನುವಾರ ಗೂಬೆ ಕಂಡಿತು, ಫೋಟೋ ಮಸುಕಾಯಿತು. ಆ ದಿನ ಗೋಮಾ ಇನ್ನೊಂದನ್ನೂ ತೋರಿಸಿದ. ಪ್ರವಾಸಿಗರು ನಡೆಯಲೆಂದು ಅರಣ್ಯ ಇಲಾಖೆಯವರು ಹೊಸ ಕಾಲುದಾರಿಗೆ ಸುಣ್ಣದ ಗುರುತು ಹಾಕಿದ್ದರು. ಅದು ಸರಿಯಾಗಿ ಪೊಟರೆಯ ಮರದ ಬುಡದಲ್ಲೇ ಹಾದುಹೋಗುತ್ತಿತ್ತು.

"ಇಲ್ಲಿ ಗೂಡಿದೆ ಎಂದು ನಾನು ಹೇಳಿದೆ ತಾಯಿ," ಎಂದ ಗೋಮಾ ಮರಾಠಿಯಲ್ಲಿ. "ಪುರಾವೆ ಎಲ್ಲಿ ಎಂದು ಕೇಳಿದರು."

ಅಲ್ಲಿಂದಾಚೆ ರಮಿತಾಗೆ ಚಂದದ ಫೋಟೋದ ಚಿಂತೆ ಹೋಯಿತು. ನೋಡಿದವರು ಇಲ್ಲ ಎನ್ನಲಾಗದ ಫೋಟೋ ಬೇಕಾಯಿತು.

ಮೂರನೆಯ ಭಾನುವಾರ ಮರದಿಂದ ಐವತ್ತು ಹೆಜ್ಜೆ ದೂರದ ಪೊದೆಯ ಮರೆಯಲ್ಲಿ ಎಂಟು ಗಂಟೆಗೆ ಕೂತಳು. ಕಾಲು ಜೋಮು ಹಿಡಿಯಿತು, ಕುತ್ತಿಗೆಗೆ ಇರುವೆ ಕಚ್ಚಿತು. ಹನ್ನೊಂದು ದಾಟಿದಾಗ ಎಡಗಡೆಯಿಂದ ಸಣ್ಣ ಕೂಗು ಕೇಳಿಸಿತು. ಅವಳು ಅತ್ತ ಕ್ಯಾಮೆರಾ ತಿರುಗಿಸಿದಳು. ಗಂಡು ಗೂಬೆ ಓತಿಕ್ಯಾತವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಕೊಂಬೆಗೆ ಬಂದು, ಬಾಲವನ್ನು ಅತ್ತಿತ್ತ ಆಡಿಸಿತು. ದಿನವಿಡೀ ರೋಗಿಗಳಿಗೆ ಉಸಿರು ಹಿಡಿಯಲು ಹೇಳುವವಳು ಈಗ ತಾನೇ ಉಸಿರು ಹಿಡಿದಳು. ಗೂಬೆ ಪೊಟರೆಯ ಬಾಯಿಗೆ ಹಾರಿತು. ಒಳಗಿಂದ ಇನ್ನೊಂದು ಕೊಕ್ಕು ಬೇಟೆಯನ್ನು ಎಳೆದುಕೊಂಡಿತು. ತೆಗೆದ ಒಂಬತ್ತು ಚಿತ್ರಗಳಲ್ಲಿ ಎರಡು ಸ್ಪಷ್ಟವಾಗಿದ್ದವು.

ಮರುದಿನ ರಜೆ ಹಾಕಿ ಅರಣ್ಯ ಇಲಾಖೆಯ ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಫೋಟೋ ನೋಡಿ, ಇದು ಊರಲ್ಲಿರುವ ಚುಕ್ಕೆ ಗೂಬೆ, ಎಲ್ಲೆಡೆ ಸಿಗುತ್ತದೆ ಎಂದ. ರಮಿತಾ ಫೋಟೋ ಹಿಗ್ಗಿಸಿದಳು.

"ಸಾಹೇಬ್ರೇ, ತಲೆ ನೋಡಿ. ಚುಕ್ಕೆ ಗೂಬೆಗೆ ನೆತ್ತಿ ತುಂಬ ಬಿಳಿ ಚುಕ್ಕೆ ಇರುತ್ತದೆ. ಇದರ ನೆತ್ತಿ ಬಹುಮಟ್ಟಿಗೆ ಖಾಲಿ," ಎಂದು ಮರಾಠಿಯಲ್ಲಿ ಹೇಳಿದಳು. "ನಾಳೆಯೇ ನನ್ನ ಜೊತೆ ಬನ್ನಿ. ಐವತ್ತು ಹೆಜ್ಜೆ ದೂರದಿಂದ ನೋಡಬೇಕು."

ಅವನು ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ನೋಡಿದ. ಮರುದಿನ ಬರಲಿಲ್ಲ, ಗುರುವಾರ ಬಂದ. ವಾರದೊಳಗೆ ಸುಣ್ಣದ ಗುರುತುಗಳು ದಿಬ್ಬದ ಆಚೆಗೆ ಸರಿದವು.

ಪ್ರಭುದೇವನಿಗೆ ಗೋಮಾನಿಂದ ಸುದ್ದಿ ಸಿಕ್ಕಿತು. ಒಂದು ಸಂಜೆ ಫೋನ್ ಮಾಡಿದ. "ಅಕ್ಕಾರ, ಅವತ್ತ ನಂದ ತಪ್ಪಾತು. ಸ್ಪೀಕರ್ ಮನ್ಯಾಗ ಇಟ್ಟ ಬರ್ತೀನಿ. ನಿಮ್ಮ ಜೋಡಿ ಕೂಡಬಹುದೇನ್ರಿ?"

"ನಾಲ್ಕು ತಾಸು ಸುಮ್ಮನೆ ಕೂತ್ಕೊಳ್ಳಿಕ್ಕೆ ಆಗ್ತದಾ?"

"ನೋಡ್ತೀನ್ರಿ."

ಮರಿಗಳು ಪೊಟರೆಯಿಂದ ಹೊರಬಂದದ್ದು ವಾರದ ನಡುವೆ. ರಮಿತಾ ಆಗ ಕೆಲಸದಲ್ಲಿದ್ದಳು, ಫೋಟೋ ಸಿಗಲಿಲ್ಲ. ಫೋನಿನಲ್ಲಿ ಗೋಮಾ ಎರಡು ಮರಿ ಎಂದ. ಇನ್ನೊಮ್ಮೆ ಹೇಳು ಎಂದು ಕೇಳಿ, ಕಣ್ಣೊರೆಸಿಕೊಂಡು, ಅವಳು ಮುಂದಿನ ರೋಗಿಯನ್ನು ಒಳಗೆ ಕರೆದಳು.