ಒಂದೇ ಕಡೆ ಇಟ್ಟ ಮದುವೆ ಫೋಟೊಗಳು

ಆ ಲ್ಯಾಪ್‌ಟಾಪಿಗೆ ಐವತ್ತೆರಡು ಸಾವಿರ ಕೊಟ್ಟೆ. ಅಂಗಡಿಯವನು ಐವತ್ತೊಂಬತ್ತು ಹೇಳಿ ಕೂತಿದ್ದ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ ಮೇಲೆ ದಾರಿಗೆ ಬಂದ. ಅಷ್ಟೇ ಕೆಲಸ ಮಾಡುವ ಯಂತ್ರ ನಲವತ್ತಕ್ಕೂ ಸಿಗುತ್ತಿತ್ತು. ಹೆಚ್ಚಿನದನ್ನು ಕೊಟ್ಟದ್ದು ಹಾರ್ಡ್‌ಡಿಸ್ಕಿನ ಬೀಗಕ್ಕೆ. ಒಳಗೆ ಹೋದದ್ದನ್ನೆಲ್ಲ ಆ ಡಿಸ್ಕ್ ತಾನೇ ಗೂಢಲಿಪಿಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ಕಿತ್ತು ಬೇರೆ ಕಂಪ್ಯೂಟರಿಗೆ ಹಾಕಿದರೂ ಕಳ್ಳನಿಗೆ ಏನೂ ಕಾಣುವುದಿಲ್ಲ.

ಗುಂಡ್ಲುಪೇಟೆಯಲ್ಲಿ ನನ್ನದು ಮದುವೆ ಫೋಟೊ ಸ್ಟುಡಿಯೊ. ಹೂವಿನ ಮೂಟೆ ಹೊತ್ತ ಕೂಲಿಯಲ್ಲಿ ಮೊದಲ ಕ್ಯಾಮೆರಾ ಕೊಂಡವನು ನಾನು. ಬೇರೊಂದು ಊರಿನ ಸ್ಟುಡಿಯೊದಲ್ಲಿ ಲ್ಯಾಪ್‌ಟಾಪ್ ಕಳುವಾಗಿ, ಮದುವಣಗಿತ್ತಿಯರ ಚಿತ್ರಗಳು ಯಾರ‍್ಯಾರದೋ ಫೋನಿನಲ್ಲಿ ಓಡಾಡಿದವು. ಹೆಣ್ಣು ಹೆತ್ತವರು ಹೆದರಿದರು. ಆ ಹೆದರಿಕೆಯಲ್ಲಿ ನನಗೆ ವ್ಯಾಪಾರ ಕಂಡಿತು. ‘ನಮ್ಮಲ್ಲಿ ಬೀಗದ ಲ್ಯಾಪ್‌ಟಾಪ್’ ಎಂದು ಬಂದವರಿಗೆಲ್ಲ ಹೇಳಿದೆ.

ಹಾಗೆ ಬಂದದ್ದೇ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರ ಮಗಳ ನಿಕಾಹ್. ಅವರ ಷರತ್ತು ಒಂದೇ.

“ಅಣ್ಣ, ಹೆಂಗಸರ ಫೋಟೊ ಕ್ಯಾಮೆರಾ ಕಾರ್ಡಲ್ಲಿ ಒಂದೂ ಉಳೀಬಾರ್ದು. ಪೆನ್‌ಡ್ರೈವು ಗಿನ್‌ಡ್ರೈವು ಬ್ಯಾಡ. ಆ ಬೀಗದ್ರಲ್ಲಿ ಮಾತ್ರ ಇರ‍್ಲಿ.”

“ಭಾಯ್, ನಮ್ಮನೆಯವಳ ಒಡವೇನೂ ಇಷ್ಟು ಭದ್ರವಾಗಿಲ್ಲ ಬುಡಿ,” ಎಂದೆ. ಮದುವೆ ಮುಗಿದು ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಇಳಿಸಿದ ಮೇಲೆ ಅವರೆದುರಿಗೇ ಕಾರ್ಡ್ ಅಳಿಸಿದೆ.

ಮಗಳು ಗಂಡನ ಮನೆಯಿಂದ ಬಂದು ಚಿತ್ರ ಆರಿಸಿದ ಮೇಲೆ ಆಲ್ಬಮ್ ಎಂದಾಯಿತು. ಅಷ್ಟರಲ್ಲಿ ಆ ಮನೆಯ ಅಜ್ಜಿ, ಅವರ ಮಾತಿನಲ್ಲಿ ದಾದಿ, ತೀರಿಕೊಂಡರು. ಆಧಾರ್ ಕಾರ್ಡಿಗೆ ಬಿಟ್ಟರೆ ಎಂದೂ ಕ್ಯಾಮೆರಾಗೆ ಮುಖ ಕೊಡದ ಹೆಂಗಸು, ಮೊಮ್ಮಗಳ ಮದುವೆಯಲ್ಲಿ ಮಾತ್ರ, ಅವಳ ಕೈಯ ಮದರಂಗಿ ನೋಡುತ್ತಾ ನಕ್ಕಿದ್ದರು. ಆ ನಗು ನನ್ನ ಡಿಸ್ಕಿನಲ್ಲಿತ್ತು.

ಆಯುಧಪೂಜೆ ಬಂತು. ನಾನು ಕ್ಯಾಮೆರಾ ಒರೆಸುತ್ತಿದ್ದೆ, ಲ್ಯಾಪ್‌ಟಾಪ್ ತೆರೆದೇ ಇತ್ತು. ನನ್ನ ಹೆಂಡತಿ ಎಲ್ಲಕ್ಕೂ ವಿಭೂತಿ ಎಳೆದು, ಕುಂಕುಮ ಇಟ್ಟು, ಕೊನೆಗೆ ಒಂದು ಉದ್ಧರಣೆ ತುಂಬ ತೀರ್ಥವನ್ನು ಕೀಲಿಮಣೆಯ ಮೇಲೆ ಬಿಟ್ಟಳು. ಪರದೆ ಮಿನುಗಿ ಕಪ್ಪಾಯಿತು.

“ಏನ್ ಮಾಡ್ಬುಟ್ಟೆ ಕಣಮ್ಮಿ!”

“ದೇವ್ರ ನೀರು. ಅದ್ರಿಂದ ಕೆಟ್ಟದಾಯ್ತದಾ? ನಿಮ್ ಮಿಶನ್ನೇ ಲಾಟು ಅನ್ನಿ.”

ಚಾಮರಾಜನಗರದ ರಿಪೇರಿಯವನು ಬಿಚ್ಚಿ ನೋಡಿದ. ಬೋರ್ಡ್ ಸುಟ್ಟಿತ್ತು, ಡಿಸ್ಕ್ ಚೆನ್ನಾಗಿತ್ತು. ನನಗೆ ಉಸಿರು ಬಂತು. ಇನ್ನೊಂದು ಲ್ಯಾಪ್‌ಟಾಪಿಗೆ ಹಾಕಿ ಪಾಸ್‌ವರ್ಡ್ ಹೊಡೆದೆ. ತಪ್ಪು ಎಂದಿತು. ಸರಿಯಾದದ್ದನ್ನೇ ಮತ್ತೆ ಹೊಡೆದರೂ ತಪ್ಪು ಎಂದಿತು. ಬದನಗುಪ್ಪೆಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಅದೇ ಮಾಡೆಲ್ ಇದೆಯೆಂದು ಅಲ್ಲಿಗೂ ಹೋಗಿ, ಕೈಕಾಲು ಹಿಡಿದು ಹಾಕಿಸಿದೆ. ಅಲ್ಲೂ ಅದೇ ಉತ್ತರ.

“ಅಣ್ಣ, ಬೀಗದ ಕೈ ಅರ್ಧ ನಿಮ್ ತಲೇಲದೆ, ಇನ್ನರ್ಧ ಆ ಬೋರ್ಡ್ ಚಿಪ್ಪಲ್ಲಿತ್ತು. ಅದು ಸುಟ್ಟೋಯ್ತಲ್ಲ,” ಎಂದ ರಿಪೇರಿಯವನು. ಡಿಸ್ಕಿನ ಚೀಟಿಯ ಮೇಲಿದ್ದ ಉದ್ದನೆಯ ನಂಬರನ್ನು ತೋರಿಸಿದ. “ಇದ್ನ ಹಾಕುದ್ರೆ ಬೀಗ ಬುಟ್ಕತದೆ. ಆದ್ರೆ ಒಳಗೆಲ್ಲ ಸಾಫು. ಡಿಸ್ಕಾದ್ರೂ ಉಳೀತದೆ, ಮಾಡ್ಲಾ?”

ನಾನು ಯಾವುದನ್ನೂ ದಂಡಕ್ಕೆ ಬಿಡುವವನಲ್ಲ. ಆದರೂ ಬೇಡವೆಂದೆ. ಮೊದಲು ಆ ಮನೆಗೆ ಹೇಳಬೇಕಿತ್ತು.

ಹುಡುಗಿಯ ತಂದೆ ಬೈಯುತ್ತಾರೆಂದುಕೊಂಡು ಹೋದೆ. ಅವರು ಡಿಸ್ಕನ್ನು ಅಂಗೈಗೆ ತೆಗೆದುಕೊಂಡರು. “ಕಳ್ಳರು ತಗೀಬಾರ್ದು ಅಂತ ನಾನೇ ಅಂದಿದ್ದೆ,” ಎಂದರು. “ಈಗ ನಾವೂ ತಗಿಯಂಗಿಲ್ಲ.” ಬೈದಿದ್ದರೆ ಚೆನ್ನಾಗಿತ್ತು.

ತವರಿಗೆ ಬಂದಿದ್ದ ಮಗಳು ಬಾಗಿಲ ಪರದೆಯ ಹಿಂದಿನಿಂದ ಕೇಳಿದಳು. “ಅಂಕಲ್, ದಾದಿ ಫೋಟೊ ಅದರೊಳಗೆ ಇನ್ನೂ ಇದೆಯಾ?”

“ಇದೆಯಮ್ಮ. ತೆಗೆಯಕ್ಕೆ ಬರಲ್ಲ ಅಷ್ಟೆ.”

“ಹಾಗಾದ್ರೆ ಅಳಿಸ್ಬೇಡಿ. ಆಧಾರ್ ಕಾರ್ಡಲ್ಲಿರೋ ಮುಖ ನಮ್ ದಾದೀದೇ ಅಲ್ಲ. ಇದನ್ನ ನಮಗೇ ಕೊಡಿ.”

ಕೊಟ್ಟು ಬಂದೆ. ಮುಂದೆ ಯಾರಾದರೂ ತೆರೆದಾರೆಂದು ಅವಳಿಗೆ ಆಸೆ. ನನಗೆ ನಂಬಿಕೆಯಿಲ್ಲ, ಅದನ್ನು ಅವಳಿಗೆ ಹೇಳುವ ಧೈರ್ಯವೂ ಇಲ್ಲ. ಆ ಬೀದಿಯಲ್ಲಿ ಹೋಗುವಾಗ ಈಗಲೂ ನನ್ನ ಹೆಜ್ಜೆ ಬಿರುಸಾಗುತ್ತದೆ.

ನೀವು ಬೀಗದ ಡಿಸ್ಕ್ ಕೊಳ್ಳುವವರಾದರೆ ಕೇಳಿ. ಕೊಳ್ಳಬೇಡಿ ಎನ್ನುವುದಿಲ್ಲ, ಕಳ್ಳನಿಂದ ಅದು ನಿಜವಾಗಿ ಕಾಯುತ್ತದೆ. ಆದರೆ ‘ಬೋರ್ಡ್ ಸುಟ್ಟರೆ ಇದನ್ನು ತೆರೆಯುವುದು ಹೇಗೆ?’ ಎಂದು ಅಂಗಡಿಯವನನ್ನು ಕೇಳಿ. ಬಾಯಿಮಾತಿಗೆ ಒಪ್ಪಬೇಡಿ, ಬೇರೆ ಯಂತ್ರಕ್ಕೆ ಹಾಕಿ ತೆರೆದು ತೋರಿಸಲಿ, ಆಮೇಲೆ ದುಡ್ಡು ಎಣಿಸಿ. ಮೊದಲ ಸಲ ಬೀಗ ಹಾಕುವಾಗ ರಿಕವರಿ ಕೀ, ಅಂದರೆ ಒಳಗಿನದು ಅಳಿಯದಂತೆ ಬೀಗ ತೆರೆಯುವ ಇನ್ನೊಂದು ಸಂಖ್ಯೆ, ಕೊಡುತ್ತದೆಯೇ ನೋಡಿ. ಕೊಟ್ಟರೆ ಬರೆದು ಮನೆಯ ಬೀರುವಿನಲ್ಲಿಡಿ. ಇನ್ನೊಂದು ಪ್ರತಿ ಇರಲೇಬೇಕು, ಅದಕ್ಕೂ ಬೀಗ ಹಾಕಿ ಗಿರಾಕಿಯ ಮನೆಯಲ್ಲೇ ಇಡಿ. ‘ಒಂದೇ ಕಡೆ ಇರಲಿ’ ಎಂದು ಗಿರಾಕಿ ಎಷ್ಟೇ ಹಟ ಹಿಡಿದರೂ ಒಪ್ಪಬೇಡಿ. ಆ ಆರ್ಡರ್ ಕೈತಪ್ಪಿದರೂ ಪರವಾಗಿಲ್ಲ.