ತೋಪು ಕಾದ ಟೀಚರಮ್ಮ

ಉಪ್ಪಿನಕಾಯಿಗೆಂದು ತಂದ ಮಾವಿನಕಾಯಿಯ ತೊಟ್ಟು ಮುರಿದೆ, ಸೊನೆ ಚಿಮ್ಮಿ ಬೆರಳಿಗೆ ಅಂಟಿತು. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಕೋಲಾರದ ನನ್ನ ಅಡುಗೆಮನೆ ಎಲ್ಲೋ ಹೋಯಿತು. ನಮ್ಮೂರು ಗೌನಿಪಲ್ಲಿಯ ಮಾವಿನ ತೋಪು ಕಣ್ಣಿಗೆ ಬಂತು. ತೋಪಿನ ನಡುವೆ, ಗಂಜಿ ಹಾಕಿದ ಸೀರೆಯುಟ್ಟು ತಗಡಿನ ಡಬ್ಬ ಬಡಿಯುತ್ತಿದ್ದ ನಮ್ಮ ಟೀಚರಮ್ಮ...

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವರು ಮಾಲೂರಿನ ಕಡೆಯವರು, ನಮ್ಮೂರಿಗೆ ವರ್ಗವಾಗಿ ಬಂದಾಗ ತೆಲುಗಿನ ಗಂಧವೇ ಇರಲಿಲ್ಲ. ನಮಗೋ ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಕನ್ನಡ. ಗಡಿಯಾಚೆ ಆಂಧ್ರದಲ್ಲಿದ್ದ ನನ್ನ ಅತ್ತೆಯ ಮಗಳು ಮನೆಮಾತಿನಲ್ಲೇ ಪಾಠ ಒಪ್ಪಿಸುತ್ತಿದ್ದಳು. ಕೋಲಾರದ ಸಾಹುಕಾರರ ಮಕ್ಕಳು ಇಂಗ್ಲಿಷ್ ಕಾನ್ವೆಂಟಿಗೆ ಹೋಗುತ್ತಿದ್ದರು. ನಾವು ಮಾತ್ರ ಬಾಯಿ ತೆರೆದರೆ ತಪ್ಪು, ತಪ್ಪಿಗೆ ಬೆಂಚಿನ ಮೇಲೆ ನಿಲ್ಲುವುದು. ಹಿಂದಿನ ಮೇಷ್ಟ್ರ ಕಾಲದಲ್ಲಿ ನಾನು ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು ಅನ್ನಿ.

ಟೀಚರಮ್ಮ ಬಂದವರೇ ಹೊಸ ಕಾಯಿದೆ ತಂದರು. ಅವರು ನಮಗೆ ದಿನಕ್ಕೊಂದು ಕನ್ನಡದ ಮಾತು ಕಲಿಸಬೇಕು, ನಾವು ಅವರಿಗೆ ತೆಲುಗಿನದು. ಮಾರನೆಯ ದಿನ ಯಾರು ಮರೆತರೂ ನಿಲ್ಲಬೇಕು. ಗಿಳಿಗೆ ತೆಲುಗಿನಲ್ಲಿ ಚಿಲಕ ಅನ್ನುತ್ತಾರೆಂದು ನಾನೇ ಹೇಳಿಕೊಟ್ಟಿದ್ದೆ. ಮಾರನೆಯ ದಿನ ಅವರಿಗೆ ನೆನಪಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬೆಂಚು ಹತ್ತಿ ನಿಂತೇಬಿಟ್ಟರು! ಹೆಡ್ ಮೇಷ್ಟ್ರು ಕಿಟಕಿಯಲ್ಲಿ ಇಣುಕಿದರೂ ಇಳಿಯಲಿಲ್ಲ. ನಾವು ಯಾರೂ ನಗಲಿಲ್ಲ. ಟೀಚರೂ ತಪ್ಪಿಗೆ ನಿಲ್ಲುತ್ತಾರೆಂಬುದು ನಮ್ಮ ತಲೆಗೆ ಹಿಡಿಯದಷ್ಟು ದೊಡ್ಡ ಸಂಗತಿ.

ಒಮ್ಮೆ ಅವರು ಪ್ರಪಂಚದ ಭೂಪಟ ತೂಗುಹಾಕಿ, ಕೆಲವು ದೇಶಗಳಲ್ಲಿ ಮಂತ್ರಿಯ ಮಗುವೂ ಕೂಲಿಯವನ ಮಗುವೂ ಒಂದೇ ಶಾಲೆಗೆ ಹೋಗುತ್ತವಂತೆ, ಪುಸ್ತಕ, ಊಟ ಎಲ್ಲ ಅಲ್ಲೇ ಕೊಡುತ್ತಾರಂತೆ ಎಂದರು. ಹಾಗಾದರೆ ಕಾಯಿ ಬಲಿಯುವ ಕಾಲದಲ್ಲಿ ಅಲ್ಲಿ ತೋಪು ಕಾಯುವವರು ಯಾರು ಎಂದು ನಾನು ಕೇಳಿದೆ. ತಮಾಷೆಗಲ್ಲ. ಮಾವು ಕಾಯಿಕಟ್ಟಿತೆಂದರೆ ನಮ್ಮ ತರಗತಿ ಅರ್ಧ ಖಾಲಿ. ಗಿಳಿ, ಕೋತಿ ಓಡಿಸಲು ಮಕ್ಕಳೇ ಆಗಬೇಕು.

"ಅಲ್ಲಿ ಕಾವಲು ದೊಡ್ಡೋರ ಕೆಲಸ ಕಣೇ," ಎಂದರು ಟೀಚರಮ್ಮ.

ನಾನು ಏಳನೆಯ ತರಗತಿಗೆ ಬಂದೆ. ಪಬ್ಲಿಕ್ ಪರೀಕ್ಷೆ ಶ್ರೀನಿವಾಸಪುರದಲ್ಲಿ. ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ತೋಪೇ ಗತಿ. ಅದೇ ಹೊತ್ತಿಗೆ ಅಮ್ಮ ಬಾಣಂತಿ. ಯಜಮಾನರ ತೋಪನ್ನು ರಾತ್ರಿಯಿಡೀ ಕಾದ ಅಪ್ಪನಿಗೆ ಬೆಳಗಾದರೆ ಕಣ್ಣು ಬಿಡಲಾಗುತ್ತಿರಲಿಲ್ಲ, ಹಾಗಾಗಿ ಹಗಲಿನ ಕಾವಲು ನನ್ನದು. ಈ ಸಲ ಬೇಡ, ಮುಂದಿನ ವರ್ಷ ಬರೆಯಲಿ ಎಂದುಬಿಟ್ಟ ಅಪ್ಪ. ಮುಂದಿನ ವರ್ಷ ಅಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನಕ್ಕನಿಗೂ ಹಾಗೇ ಹೇಳಿದ್ದ, ಆ ಮುಂದಿನ ವರ್ಷ ಅವಳ ಮದುವೆಯಾಯಿತು.

ವಿಷಯ ತಿಳಿದು ಟೀಚರಮ್ಮ ಸಂಜೆ ತೋಪಿಗೇ ಬಂದರು. ಅಪ್ಪ ಗಾಬರಿಯಾಗಿ ಹೆಗಲ ಟವೆಲು ಕೊಡವಿ ಕಲ್ಲಿನ ಮೇಲೆ ಹಾಸಿದ. ಅವರು ಕೂರಲಿಲ್ಲ.

"ತೋಪು ಒಂದ್ ಹೊತ್ತು ಖಾಲಿ ಬಿಟ್ರೆ ಯಜಮಾನ್ರು ಬೇರೆಯವ್ರನ್ನ ಇಟ್ಕೊಂತಾರೆ ಟೀಚರಮ್ಮ," ಎಂದ ಅಪ್ಪ, ನೆಲ ನೋಡುತ್ತಾ.

"ಖಾಲಿ ಯಾಕೆ ಬಿಡ್ತೀರಿ? ನಾನ್ ಕಾಯ್ತೀನಿ. ಕಾವಲು ದೊಡ್ಡೋರ ಕೆಲಸ ಅಂತ ನಿಮ್ಮ ಮಗಳಿಗೆ ಹೇಳ್ಬಿಟ್ಟಿದ್ದೀನಿ."

ಪರೀಕ್ಷೆ ಇದ್ದಷ್ಟು ದಿನವೂ ರಜೆ ಹಾಕಿ ಬಂದರು. ಗಿಳಿಹಿಂಡು ಯಾವ ಮರಕ್ಕೆ ಮೊದಲು ಇಳಿಯುತ್ತದೆ, ಡಬ್ಬ ಹೇಗೆ ಬಡಿಯಬೇಕು, ಎಲ್ಲ ನಾನೇ ತೋರಿಸಿಕೊಟ್ಟೆ. ಗಿಳಿ ಓಡಿಸುವ ನಮ್ಮ ಕೂಗು ತೆಲುಗಿನದು. "ಪೋವೇ ಚಿಲಕಾ, ಪೋ!" ಹೋಗೇ ಗಿಳಿ, ಹೋಗು ಎಂದಷ್ಟೇ ಅರ್ಥ. ಅವರು ಮೆಲ್ಲಗೆ ಹೇಳಿ ನೋಡಿದರು. ಇಷ್ಟು ಮೆತ್ತಗೆ ಕರೆದರೆ ಗಿಳಿ ಊಟಕ್ಕೇ ಕೂರುತ್ತೆ ಟೀಚರಮ್ಮ ಎಂದೆ. ಅವರಿಗೆ ನಗು ತಡೆಯಲಾಗಲಿಲ್ಲ. ಹೆಡ್ ಮೇಷ್ಟ್ರ ಜೊತೆ ನಾವು ಮಕ್ಕಳೆಲ್ಲ ಮೊದಲ ಬಸ್ಸಿಗೆ ಕಾಯುತ್ತಿದ್ದರೆ ತೋಪಿನ ಕಡೆಯಿಂದ ಡಬ್ಬದ ಸದ್ದು, ಅದರ ಹಿಂದೆ ಗಂಟಲು ಹರಿಯುವಂಥ ಆ ಕೂಗು. ಊರಿನವರು ಮೂಗಿನ ಮೇಲೆ ಬೆರಳಿಟ್ಟರು. ದೇವರು ಪ್ರತ್ಯಕ್ಷವಾಗಿದ್ದರೂ ನಾನು ಅಷ್ಟು ಬೆರಗಾಗುತ್ತಿರಲಿಲ್ಲ.

ಮೊದಲ ದಿನ ಪರೀಕ್ಷೆ ಮುಗಿಸಿ ಬಂದಾಗ ಅವರ ಸೆರಗಿನ ತುಂಬ ಸೊನೆಯ ಕಲೆ, ಕೆನ್ನೆಯ ಮೇಲೂ ಸೊನೆ ಸುಟ್ಟ ಗುರುತು. ಹೇಗೆ ಬರೆದೆ ಎಂದು ಕೇಳಲಿಲ್ಲ.

"ಬೆಂಚ್ ಕೊಟ್ಟಿದ್ರಾ? ಕೂತ್ಕೊಂಡೇ ಬರೆದ್ಯಾ?" ಎಂದರು.

ಪಾಸಾದೆ. ಆದರೆ ಫಲಿತಾಂಶ ಬರುವ ಹೊತ್ತಿಗೆ ಅವರಿಗೆ ಮತ್ತೆ ವರ್ಗವಾಗಿತ್ತು. ಹೇಳಲು ಓಡಿಹೋದರೆ ಮನೆಗೆ ಬೀಗ... ಆಮೇಲೆ ಹೈಸ್ಕೂಲು, ಕೋಲಾರದಲ್ಲಿ ಕಾಲೇಜು, ಇಲ್ಲೇ ನೌಕರಿ, ಸಂಸಾರ. ಹೋಗಬೇಕು, ಹೋಗಬೇಕು ಅನ್ನುತ್ತಲೇ ಕಾಲ ಸರಿದುಹೋಯಿತು.

ಕಳೆದ ವರ್ಷ ವಿಳಾಸ ಹುಡುಕಿ ಮಾಲೂರಿಗೆ ಹೋದೆ. ಬಾಗಿಲು ತೆಗೆದವರು ಅವರ ಮಗ, ಅವರಿಗೂ ತಲೆ ನೆರೆತಿದೆ. ಟೀಚರಮ್ಮ ಗೋಡೆಯ ಮೇಲೆ ಫೋಟೋ ಆಗಿದ್ದರು. ಕುರ್ಚಿ ಕೊಟ್ಟು, ಕಾಫಿ ಕೊಟ್ಟು, ಊರು ಯಾವುದೆಂದು ವಿಚಾರಿಸಿದ ಅವರು ಗೌನಿಪಲ್ಲಿ ಎಂದೊಡನೆ ಇನ್ನೊಂದು ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು.

"ಕೊನೆಕೊನೆಗೆ ಅಮ್ಮನಿಗೆ ನಮ್ಮ ಹೆಸರೇ ಮರೆತುಹೋಗಿತ್ತು. ಹಿತ್ತಲ ಸೀಬೆ ಮರಕ್ಕೆ ಗಿಳಿ ಬಂದ್ರೆ ಮಾತ್ರ ತಟ್ಟೆ ಬಡ್ಕೊಂಡು ತೆಲುಗಲ್ಲಿ ಏನೋ ಕೂಗೋರು. ನಮ್ಮನೇಲಿ ಯಾರಿಗೂ ತೆಲುಗು ಬರಲ್ಲ. ಅದೇನಂತ ನಿಮಗೇನಾದ್ರೂ ಗೊತ್ತಾ?"

ಗೊತ್ತಿತ್ತು. ಆ ಫೋಟೋದ ಎದುರು ಕುರ್ಚಿಯಲ್ಲಿ ಕೂರಲಾಗದೆ ಎದ್ದು ನಿಂತೆ.

ಈಗ ಬೆರಳ ಮೇಲೆ ಸೊನೆ ಒಣಗಿದೆ. ಪಾಸಾದೆ ಟೀಚರಮ್ಮ ಎಂಬ ಒಂದು ಮಾತನ್ನು ಅವರಿಗೆ ಹೇಳಲೇ ಇಲ್ಲವಲ್ಲ ಎಂಬ ಸಂಕಟ ನನ್ನ ಜೊತೆಗೇ ಹೋಗುವಂಥದು. ಆದರೆ ಹೆತ್ತ ಮಕ್ಕಳ ಹೆಸರು ಮರೆತ ಮೇಲೂ, ಚಿಲಕ ಎಂಬ ಮಾತಿಗಾಗಿ ಅವರು ಮತ್ತೆ ಬೆಂಚು ಹತ್ತಬೇಕಾಗಲಿಲ್ಲ.